ಹೊಳೆಯಬಾರದ ಗಾಜು

ಹೆಗ್ಗನಹಳ್ಳಿ ಕ್ರಾಸಿನಿಂದ ಪೀಣ್ಯ ಎರಡನೇ ಹಂತದ ಕಡೆ ನಡೆದು ಹೋಗುವವರಿಗೆ ಲೇತ್, ಬಫಿಂಗ್, ಪ್ಲೇಟಿಂಗ್ ಶೆಡ್‌ಗಳ ಸದ್ದು ಹೊಸದಲ್ಲ. ನಮ್ಮ ಬೀದಿಯ ಕೊನೆಯಲ್ಲೂ ಒಂದು ಪೌಡರ್ ಕೋಟಿಂಗ್ ಶೆಡ್ ಇದೆ. ಹೊರಗಿನವರು ನೋಡುವುದು ಬಣ್ಣವನ್ನು. ಒಳಗಿರುವವರು ಮಾತಾಡುವುದು ‘ಸೆವೆನ್ ಟ್ಯಾಂಕ್’, ಅಂದರೆ ಬಣ್ಣಕ್ಕೆ ಮುಂಚೆ ಲೋಹವನ್ನು ಅದ್ದಿ ತೆಗೆಯುವ ತೊಟ್ಟಿಗಳ ಸಾಲಿನ ಬಗ್ಗೆ. ಎಣ್ಣೆ ಜಿಡ್ಡು ತೆಗೆಯಬೇಕು, ನೀರಿನಲ್ಲಿ ಜಾಲಿಸಬೇಕು, ತುಕ್ಕು ತೆಗೆಯಬೇಕು, ಮತ್ತೆ ಜಾಲಿಸಬೇಕು, ಫಾಸ್ಫೇಟ್ ಪದರ ಕೂರಿಸಬೇಕು. ಅದೆಲ್ಲ ಆದಮೇಲೆ ಬಣ್ಣದ ಪುಡಿ, ಆಮೇಲೆ ಓವನ್. ತೊಳೆಯುವುದರಲ್ಲಿ ಕೈ ಹಿಡಿತ ಮಾಡಿದ ಜಾಬ್ ಕೂಡ ಓವನ್ನಿನಿಂದ ಮಿರಮಿರ ಮಿಂಚುತ್ತಲೇ ಹೊರಬರುತ್ತದೆ. ಬಣ್ಣ ಚಕ್ಕೆ ಏಳುವುದು ಗಿರಾಕಿಯ ಮನೆ ಸೇರಿದ ಮೇಲೆ.

ಆ ಶೆಡ್ಡಿನವರ ಮಗಳು ಈಗ ಕೃಷಿ ವಿಶ್ವವಿದ್ಯಾಲಯದ ಜಿಕೆವಿಕೆ ಆವರಣದ ಪ್ರಯೋಗಾಲಯವೊಂದರಲ್ಲಿ ಪಿಎಚ್‌.ಡಿ. ವಿದ್ಯಾರ್ಥಿನಿ. ಜೀವಕೋಶದೊಳಗೆ ಯಾವ ಪ್ರೋಟೀನ್ ಎಲ್ಲಿದೆ ಎಂದು ಬಣ್ಣದ ಬೆಳಕಿನಲ್ಲಿ ಹುಡುಕುವುದು ಅವಳ ನಿತ್ಯದ ಕೆಲಸ. ಅವಳ ಫೋನಿನಲ್ಲಿ ಅಂಥದೊಂದು ಚಿತ್ರವಿತ್ತು: ಕಪ್ಪು ಹಿನ್ನೆಲೆಯಲ್ಲಿ ಹಸಿರು ಎಳೆಗಳು, ನಡುವೆ ನೀಲಿ ಉಂಡೆಗಳು. ಇದನ್ನು ತೆಗೆಯುವುದು ಹೇಗಮ್ಮಾ ಎಂದು ಕೇಳಿದೆ.

“ತೆಗೆಯೋದೇನು ಅಂಕಲ್, ಎರಡು ನಿಮಿಷ. ಅದಕ್ಕೆ ಮುಂಚೆ ಏನೇನಾಗುತ್ತೆ ನೋಡ್ಬೇಕಂದ್ರೆ ಬನ್ನಿ. ನಮ್ದೂ ಸೆವೆನ್ ಟ್ಯಾಂಕೇ, ತೊಟ್ಟಿ ಚಿಕ್ಕದು ಅಷ್ಟೆ,” ಎಂದಳು.

ಹೆಬ್ಬಾಳ ದಾಟಿ

ಹೆಗ್ಗನಹಳ್ಳಿಯಿಂದ ಜಿಕೆವಿಕೆಗೆ ಹೋಗುವುದೆಂದರೆ ನಗರದ ವಾಯವ್ಯ ಅಂಚನ್ನು ಬಳಸಿಕೊಂಡು ಹೋದಂತೆಯೇ. ಪೀಣ್ಯ ದಾಟಿ ತುಮಕೂರು ರಸ್ತೆ, ಗೊರಗುಂಟೆಪಾಳ್ಯದಲ್ಲಿ ಹೊರವರ್ತುಲ ರಸ್ತೆ, ಬಿಇಎಲ್ ವೃತ್ತ, ಹೆಬ್ಬಾಳದ ಮೇಲ್ಸೇತುವೆ, ಅಲ್ಲಿಂದ ಬಳ್ಳಾರಿ ರಸ್ತೆ. ಕೃಷಿ ವಿಶ್ವವಿದ್ಯಾಲಯದ ಗೇಟಿನೊಳಗೆ ಕಾಲಿಟ್ಟರೆ ಲಾರಿಗಳ ಸದ್ದು ಹಿಂದೆ ಉಳಿದು ಮರಗಳು ಶುರುವಾಗುತ್ತವೆ. ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ ಅಂಗವಾದ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರ, ಅಂದರೆ ಎನ್‌ಸಿಬಿಎಸ್, ಇರುವುದು ಈ ಆವರಣದಲ್ಲೇ. ತಳಿವಿಜ್ಞಾನಿ ಒಬೈದ್ ಸಿದ್ದಿಕಿ 1990ರ ದಶಕದಲ್ಲಿ ಕಟ್ಟಿ ನಿಲ್ಲಿಸಿದ ಸಂಸ್ಥೆ ಅದು. ಅದರ ಪಕ್ಕದಲ್ಲೇ ಕಾಂಡಕೋಶ ಸಂಶೋಧನೆಯ ಇನ್‌ಸ್ಟೆಮ್ ಮತ್ತು ಸಿ-ಕ್ಯಾಂಪ್ ಇವೆ. ಪ್ರತಿದೀಪ್ತಿ ಸೂಕ್ಷ್ಮದರ್ಶಕದ ಕೆಲಸ ದೇಶದಲ್ಲಿ ದಟ್ಟವಾಗಿ ನಡೆಯುವ ಜಾಗಗಳಲ್ಲಿ ಇದೂ ಒಂದು.

ಪ್ರತಿದೀಪ್ತಿಯ ಸಂಗತಿ ಸರಳ. ಕೆಲವು ವಸ್ತುಗಳು ಒಂದು ಬಣ್ಣದ ಬೆಳಕನ್ನು ಹೀರಿಕೊಂಡು, ಸ್ವಲ್ಪ ಶಕ್ತಿ ಕಳೆದುಕೊಂಡು, ಇನ್ನೊಂದು ಬಣ್ಣದ ಬೆಳಕನ್ನು ಹೊರಬಿಡುತ್ತವೆ. ಇದನ್ನು 1852ರಲ್ಲಿ ವಿವರಿಸಿದವರು ಜಾರ್ಜ್ ಸ್ಟೋಕ್ಸ್. ಪ್ರಯೋಗಾಲಯದಲ್ಲಿ ಹೆಚ್ಚು ಬಳಕೆಯ ಹಸಿರು ಬಣ್ಣಕ 488 ನ್ಯಾನೋಮೀಟರಿನ ನೀಲಿ ಬೆಳಕನ್ನು ನುಂಗಿ ಸುಮಾರು 520 ನ್ಯಾನೋಮೀಟರಿನ ಹಸಿರನ್ನು ಕೊಡುತ್ತದೆ. ನೀಲಿಯನ್ನು ಫಿಲ್ಟರ್ ತಡೆದು ಹಸಿರನ್ನಷ್ಟೇ ಒಳಬಿಟ್ಟರೆ, ಬಣ್ಣಕ ಅಂಟಿದ ಪ್ರೋಟೀನ್ ಮಾತ್ರ ಕಾಣುತ್ತದೆ, ಉಳಿದದ್ದೆಲ್ಲ ಕತ್ತಲು. ಬಣ್ಣಕ ಬೇರೆಡೆ ಅಂಟಿದ್ದರೆ ಅದೂ ಹೀಗೆಯೇ ಹೊಳೆಯುತ್ತದೆ. ನಾನು ನೋಡಿದ ಕೆಲಸವೆಲ್ಲ ಈ ಎರಡನ್ನು ಬೇರ್ಪಡಿಸುವ ಕೆಲಸ.

ಬೆಳೆಸುವ ಕೋಣೆ

ಮೊದಲು ಕಲ್ಚರ್ ರೂಮ್. ಚಪ್ಪಲಿ ಹೊರಗೆ, ಕೈಗೆ ಗ್ಲೌಸ್, ಗ್ಲೌಸಿನ ಮೇಲೆ ಶೇ. 70ರ ಆಲ್ಕೋಹಾಲ್. ಗೋಡೆಗೊರಗಿ ನಿಂತ ಹುಡ್ಡಿನೊಳಗೆ ಸೋಸಿದ ಗಾಳಿ ಬೀಸುತ್ತಲೇ ಇರುತ್ತದೆ. ಅದರ ಎದುರಿಗೆ ಇನ್‌ಕ್ಯುಬೇಟರ್: 37 ಡಿಗ್ರಿ ಶಾಖ, ಶೇ. 5ರಷ್ಟು ಕಾರ್ಬನ್ ಡೈಆಕ್ಸೈಡ್. ಆ ಅನಿಲ ಕೋಶಗಳ ಉಸಿರಾಟಕ್ಕಲ್ಲ. ಕೋಶಗಳು ಮುಳುಗಿರುವ ದ್ರವದಲ್ಲಿ ಬೈಕಾರ್ಬನೇಟ್ ಇರುತ್ತದೆ. ಅನಿಲದ ಜೊತೆ ಅದು ಸಮತೂಕಕ್ಕೆ ಬಂದು ಆಮ್ಲ–ಕ್ಷಾರಗಳ ಮಟ್ಟವನ್ನು ನಮ್ಮ ರಕ್ತದ ಮಟ್ಟಕ್ಕೆ ಹತ್ತಿರ ನಿಲ್ಲಿಸುತ್ತದೆ.

ಆ ದ್ರವಕ್ಕೆ ಇಲ್ಲಿ ಎಲ್ಲರೂ ಮೀಡಿಯಾ ಎನ್ನುತ್ತಾರೆ. ಸಕ್ಕರೆ, ಅಮೈನೋ ಆಮ್ಲ, ಲವಣ, ಜೀವಸತ್ವಗಳ ಜೊತೆಗೆ ಸಾಮಾನ್ಯವಾಗಿ ಶೇ. 10ರಷ್ಟು ಕರುವಿನ ಭ್ರೂಣದ ಸೀರಮ್. ಫೀನಾಲ್ ರೆಡ್ ಬೆರೆಸಿರುವುದರಿಂದ ನೋಡಲು ಕೆಂಪು. ಕೋಶಗಳು ಹೆಚ್ಚಿ ಆಮ್ಲ ಕೂಡಿದರೆ ಹಳದಿಗೆ ತಿರುಗುತ್ತದೆ, ಅನಿಲ ತಪ್ಪಿದರೆ ನೇರಳೆಗೆ. ಬಾಟಲಿಯ ಬಣ್ಣ ನೋಡಿಯೇ ಅವಳು ಯಾವುದಕ್ಕೆ ಇವತ್ತು ಊಟ ಬದಲಿಸಬೇಕು ಎಂದು ಹೇಳುತ್ತಾಳೆ.

ಕೋಶಗಳು ಎಲ್ಲಿಂದ? 1951ರಲ್ಲಿ ಅಮೆರಿಕದ ಬಾಲ್ಟಿಮೋರಿನ ಆಸ್ಪತ್ರೆಯಲ್ಲಿ ಹೆನ್ರಿಯೆಟ್ಟಾ ಲ್ಯಾಕ್ಸ್ ಎಂಬ ಕಪ್ಪು ಮಹಿಳೆಯ ಗರ್ಭಕೊರಳಿನ ಗಡ್ಡೆಯಿಂದ, ಆಕೆಯ ಒಪ್ಪಿಗೆ ಕೇಳದೆ ತೆಗೆದ ಕೋಶಗಳು ಹೀಲಾ ಎಂಬ ಹೆಸರಿನಲ್ಲಿ ಇಂದಿಗೂ ಜಗತ್ತಿನ ಎಲ್ಲ ಕಡೆ ಬೆಳೆಯುತ್ತಿವೆ. ಹ್ಯಾಮ್‌ಸ್ಟರ್‌ನ ಅಂಡಾಶಯದಿಂದ ಬಂದ ಸಿಎಚ್‌ಒ ಕೋಶಗಳು 1950ರ ದಶಕದವು. ಭಾರತದ ಪ್ರಯೋಗಾಲಯಗಳಿಗೆ ಇಂಥ ಕೋಶಗಳನ್ನು ಒದಗಿಸುವ ಭಂಡಾರ ಪುಣೆಯ ರಾಷ್ಟ್ರೀಯ ಕೋಶ ವಿಜ್ಞಾನ ಕೇಂದ್ರದಲ್ಲಿದೆ.

ಪ್ಲಾಸ್ಟಿಕ್ ತಳಕ್ಕೆ ಅಂಟಿಕೊಂಡಿರುವ ಕೋಶಗಳನ್ನು ಟ್ರಿಪ್ಸಿನ್ ಎಂಬ ಕಿಣ್ವದಿಂದ ಬಿಡಿಸಿ, ಎಣಿಸಿ, ದುಂಡನೆಯ ಕವರ್‌ಸ್ಲಿಪ್‌ಗಳ ಮೇಲೆ ಬಿಡುತ್ತಾರೆ. ಈ ಗಾಜಿನ ದಪ್ಪ 0.17 ಮಿಲಿಮೀಟರೇ ಇರಬೇಕು. ಒಳ್ಳೆಯ ಸೂಕ್ಷ್ಮದರ್ಶಕದ ಮಸೂರಗಳನ್ನು ಆ ದಪ್ಪಕ್ಕೆ ಹೊಂದಿಸಿಯೇ ಅರೆದಿರುತ್ತಾರೆ. ಬೇರೆ ದಪ್ಪದ ಗಾಜು ಹಾಕಿದರೆ ಚಿತ್ರ ಮಸುಕು. ಗಾಜನ್ನು ಆಮ್ಲದಲ್ಲಿ ತೊಳೆದು, ಆಲ್ಕೋಹಾಲಿನಲ್ಲಿ ಅದ್ದಿ, ಸರಿಯಾಗಿ ಅಂಟದ ಕೋಶಗಳಿಗಾದರೆ ಪಾಲಿಲೈಸಿನ್ ಲೇಪಿಸುತ್ತಾರೆ. ಕೋಶಗಳು ಒತ್ತೊತ್ತಾದರೆ ಒಂದರ ಮೇಲೊಂದು ಏರಿ ಆಕಾರ ಬದಲಿಸುತ್ತವೆ. ಗಾಜಿನ ಅರ್ಧಕ್ಕಿಂತ ತುಸು ಹೆಚ್ಚು ತುಂಬುವಷ್ಟು ಸಾಕು. ಅವು ಅಂಟಿ, ಕಾಲು ಚಾಚಿ ಹರಡಿಕೊಳ್ಳಲು ಒಂದು ರಾತ್ರಿ ಬಿಡಬೇಕು.

ಇದ್ದಲ್ಲೇ ನಿಲ್ಲಿಸುವುದು

ಮಾರನೆಯ ದಿನದ ಕೆಲಸಕ್ಕೆ ಅವರ ಮಾತು ‘ಫಿಕ್ಸ್ ಮಾಡೋದು’. ಕೋಶವನ್ನು ಕೊಂದು, ಸಾಯುವ ಗಳಿಗೆಯಲ್ಲಿ ಏನೇನು ಎಲ್ಲೆಲ್ಲಿತ್ತೋ ಅಲ್ಲಲ್ಲೇ ಹಿಡಿದು ನಿಲ್ಲಿಸುವ ಹಂತ ಇದು. ಮೊದಲು ಮೀಡಿಯಾ ತೆಗೆದು ಉಪ್ಪಿನ ಬಫರಿನಿಂದ ತೊಳೆಯುತ್ತಾರೆ. ಬಫರ್ ಬೆಚ್ಚಗಿರಬೇಕು. ಫ್ರಿಜ್ಜಿನಿಂದ ತೆಗೆದದ್ದನ್ನೇ ಸುರಿದರೆ ಕೋಶದ ಮೈಕ್ರೋಟ್ಯೂಬ್ಯೂಲ್ ಎಂಬ ನಳಿಗೆಗಳು ಚಳಿಗೆ ಬಿಚ್ಚಿಕೊಳ್ಳುತ್ತವೆ. ಆಮೇಲೆ ಸಿಗುವ ಚಿತ್ರ ಚೆನ್ನಾಗಿಯೇ ಇರುತ್ತದೆ. ಅದರಲ್ಲಿ ಕಾಣುವುದು ಕೋಶ ಬದುಕಿದ್ದ ರೀತಿಯಲ್ಲ, ತಣ್ಣೀರು ಬಿದ್ದಾಗಿನ ಗತಿ.

ಹೆಚ್ಚು ಬಳಕೆಯ ದ್ರವ ಶೇ. 4ರ ಪ್ಯಾರಾಫಾರ್ಮಾಲ್ಡಿಹೈಡ್. ಬಿಳಿ ಪುಡಿಯನ್ನು ಫ್ಯೂಮ್ ಹುಡ್ಡಿನಲ್ಲಿ ಸುಮಾರು 60 ಡಿಗ್ರಿಗೆ ಕಾಯಿಸಿ, ಹನಿ ಕ್ಷಾರ ಸೇರಿಸಿ ಕರಗಿಸಿ, ಮತ್ತೆ ಆಮ್ಲಮಟ್ಟ ಸರಿಪಡಿಸಿ ಸೋಸುತ್ತಾರೆ. ಇದರ ಆವಿ ಕ್ಯಾನ್ಸರ್‌ಕಾರಕ, ಹಾಗಾಗಿ ಈ ಕೆಲಸದಲ್ಲಿ ಅವಸರವಿಲ್ಲ. 10ರಿಂದ 15 ನಿಮಿಷದಲ್ಲಿ ಅದು ಪ್ರೋಟೀನುಗಳ ಅಮೈನ್ ಗುಂಪುಗಳ ನಡುವೆ ಕೊಂಡಿ ಹಾಕುತ್ತದೆ. ಹೆಚ್ಚು ಹೊತ್ತು ಬಿಟ್ಟರೆ, ಬೇಕಾದ ಪ್ರೋಟೀನನ್ನು ಹುಡುಕಲು ಮುಂದೆ ಹಾಕುವ ಪ್ರತಿಕಾಯ ಗುರುತಿಸಬೇಕಾದ ಜಾಗವೇ ಮುಚ್ಚಿಹೋಗುತ್ತದೆ. ಉಳಿದ ಆಲ್ಡಿಹೈಡ್ ತಾನೇ ಮಿಣುಕುತ್ತದೆ, ಸಿಕ್ಕಿದ್ದನ್ನೆಲ್ಲ ಅಂಟಿಸಿಕೊಳ್ಳುತ್ತದೆ; ಅದರ ಬಾಯಿ ಮುಚ್ಚಿಸಲು ಗ್ಲೈಸಿನ್ ಅಥವಾ ಅಮೋನಿಯಂ ಕ್ಲೋರೈಡ್.

ಇನ್ನೊಂದು ದಾರಿ ಮೈನಸ್ 20 ಡಿಗ್ರಿಯ ಮೆಥನಾಲ್. ಅದು ನೀರನ್ನು ಸೆಳೆದು ಪ್ರೋಟೀನುಗಳನ್ನು ಇದ್ದಲ್ಲೇ ಗಟ್ಟಿಯಾಗಿಸುತ್ತದೆ. ನಳಿಗೆಗಳನ್ನು ನೋಡಲು ಚೆನ್ನ. ಆದರೆ ಕೋಶಪೊರೆಯ ಕೊಬ್ಬು ಕರಗಿಹೋಗುತ್ತದೆ. ಆಕ್ಟಿನ್ ಎಳೆಗಳಿಗೆ ಬಣ್ಣ ಕೊಡುವ ಫ್ಯಾಲಾಯ್ಡಿನ್ ಮೆಥನಾಲ್ ಸೋಕಿದ ಕೋಶಕ್ಕೆ ಅಂಟುವುದಿಲ್ಲ. ಯಾವುದು ಒಳ್ಳೆಯದು ಎಂದು ಕೇಳಿದರೆ ಅವಳು ಉತ್ತರ ಹೇಳುವುದಿಲ್ಲ, ‘ಯಾವ ಪ್ರೋಟೀನ್?’ ಎಂದು ತಿರುಗಿ ಕೇಳುತ್ತಾಳೆ.

ಹುಡುಕಿ ಕೂರುವ ಪ್ರತಿಕಾಯ

ಪ್ರತಿಕಾಯ ದೊಡ್ಡ ಅಣು. ಮುಚ್ಚಿದ ಕೋಶಪೊರೆಯನ್ನು ದಾಟಲಾರದು. ಒಳಗಿನ ಪ್ರೋಟೀನ್ ಬೇಕಿದ್ದರೆ ಶೇ. 0.1–0.2ರ ಟ್ರೈಟಾನ್ ಮಾರ್ಜಕದಲ್ಲಿ ಕೆಲವು ನಿಮಿಷ ಇಟ್ಟು ಪೊರೆಗೆ ತೂತು ಮಾಡಬೇಕು. ಸೂಕ್ಷ್ಮವಾದ ಪೊರೆಗಳಿಗೆ ಸ್ಯಾಪೋನಿನ್. ಅದು ಕೊಲೆಸ್ಟೆರಾಲನ್ನು ಹಿಡಿದು ತೂತು ಮಾಡುತ್ತದೆ, ತೊಳೆದರೆ ತೂತು ಮುಚ್ಚಿಕೊಳ್ಳುತ್ತದೆ, ಹಾಗಾಗಿ ಮುಂದಿನ ಎಲ್ಲ ದ್ರವಗಳಲ್ಲೂ ಅದು ಇರಲೇಬೇಕು. ಹೊರಮೈಯ ಪ್ರೋಟೀನ್ ಮಾತ್ರ ಬೇಕಿದ್ದರೆ ಈ ಹಂತವೇ ಬೇಡ.

ಆಮೇಲೆ ಬ್ಲಾಕಿಂಗ್. ಪ್ರತಿಕಾಯ ಕಂಡಕಂಡಲ್ಲಿ ಕೂರದಂತೆ, ಖಾಲಿ ಜಾಗಗಳನ್ನು ಮೊದಲೇ ಹಸುವಿನ ಆಲ್ಬುಮಿನ್ ಅಥವಾ ಮೇಕೆಯ ಸೀರಮಿನಿಂದ ತುಂಬಿಬಿಡುವುದು. ಆಮೇಲೆ ‘ಪ್ರೈಮರಿ’: ಬೇಕಾದ ಪ್ರೋಟೀನನ್ನೇ ಗುರುತಿಸುವ, ಇಲಿ ಅಥವಾ ಮೊಲದಿಂದ ಪಡೆದ ಪ್ರತಿಕಾಯ. ಅದಾದ ಮೇಲೆ ‘ಸೆಕೆಂಡರಿ’: ಮೊಲದ ಪ್ರತಿಕಾಯವನ್ನು ಗುರುತಿಸುವ, ಬಣ್ಣಕ ಹೊತ್ತ ಮೇಕೆಯ ಪ್ರತಿಕಾಯ. ಒಂದು ಪ್ರೈಮರಿಗೆ ಹಲವು ಸೆಕೆಂಡರಿ ಅಂಟುವುದರಿಂದ ಬೆಳಕು ಹೆಚ್ಚುತ್ತದೆ. ಪ್ರತಿಕಾಯಕ್ಕೆ ಹೊಳೆಯುವ ಬಣ್ಣಕ ಅಂಟಿಸುವ ಉಪಾಯವನ್ನು 1940ರ ದಶಕದ ಆರಂಭದಲ್ಲಿ ಹಾರ್ವರ್ಡಿನಲ್ಲಿ ತೋರಿಸಿಕೊಟ್ಟವರು ಆಲ್ಬರ್ಟ್ ಕೂನ್ಸ್.

ಪ್ರತಿಕಾಯ ದುಬಾರಿ. ಹಾಗಾಗಿ ತಟ್ಟೆಗೆ ಸುರಿಯುವುದಿಲ್ಲ. ಮೇಣದ ಹಾಳೆಯ ಮೇಲೆ ಸಣ್ಣ ಹನಿ ಇಟ್ಟು, ಕವರ್‌ಸ್ಲಿಪ್ಪನ್ನು ಕೋಶಗಳ ಬದಿ ಕೆಳಗಾಗುವಂತೆ ಹನಿಯ ಮೇಲೆ ಮಲಗಿಸುತ್ತಾರೆ. ಆರಿ ಹೋಗದಂತೆ ಸುತ್ತ ಒದ್ದೆ ಟಿಶ್ಯೂ, ಮೇಲೆ ಮುಚ್ಚಳ. ಒಂದು ತಾಸು ಹೊರಗೆ, ಇಲ್ಲವೇ ಇಡೀ ರಾತ್ರಿ 4 ಡಿಗ್ರಿಯಲ್ಲಿ. ಪ್ರತಿ ಹಂತದ ನಡುವೆ ತೊಳೆಯುವುದು, ಮತ್ತೆ ತೊಳೆಯುವುದು. ಸೆಕೆಂಡರಿ ಹಾಕಿದ ಮೇಲೆ ಬಣ್ಣಕ ಬೆಳಕಿಗೆ ಮಾಸದಂತೆ ಡಬ್ಬಿಗೆ ಅಲ್ಯುಮಿನಿಯಂ ಫಾಯಿಲ್ ಸುತ್ತುತ್ತಾರೆ. ಕೊನೆಗೆ ಡಿಎನ್‌ಎಗೆ ಅಂಟಿ ನೀಲಿಯಾಗಿ ಹೊಳೆಯುವ ಡ್ಯಾಪಿ. ನಾನು ಫೋನಿನಲ್ಲಿ ನೋಡಿದ ನೀಲಿ ಉಂಡೆಗಳು ಕೋಶಕೇಂದ್ರಗಳು. ಕೋಶಕೇಂದ್ರದ ಹೊರಗೂ ನೀಲಿ ಚುಕ್ಕೆಗಳು ಚೆಲ್ಲಿದ್ದರೆ ಮೈಕೋಪ್ಲಾಸ್ಮಾ ಬ್ಯಾಕ್ಟೀರಿಯಾ ಸೇರಿಕೊಂಡಿದೆ ಎಂದೇ ಶಂಕೆ. ಆ ಕಲ್ಚರ್ ಎಸೆಯುವುದೇ.

ಒಂದು ಹನಿ ಮೌಂಟಿಂಗ್ ದ್ರವ ಹಾಕಿ ಗಾಜನ್ನು ಸ್ಲೈಡಿನ ಮೇಲೆ ಕವುಚುತ್ತಾರೆ. ಅಂಚಿಗೆ ಸೀಲ್ ಮಾಡುವುದು ನೈಲ್ ಪಾಲಿಶ್‌ನಿಂದ. ಲಕ್ಷಗಟ್ಟಲೆ ಬೆಲೆಯ ಯಂತ್ರಗಳ ನಡುವೆ ಫ್ಯಾನ್ಸಿ ಸ್ಟೋರಿನ ಬಣ್ಣವಿಲ್ಲದ ಆ ಸೀಸೆಯನ್ನು ನೋಡಿ ನಗು ಬಂತು.

ಅವಳು ಜೋಡಿಸಿಟ್ಟ ಸ್ಲೈಡುಗಳಲ್ಲಿ ಒಂದರ ಮೇಲೆ ಬೇರೆ ಗುರುತಿತ್ತು. ಅದಕ್ಕೆ ಪ್ರೈಮರಿ ಹಾಕಿರಲಿಲ್ಲ. ಉಳಿದ ಎಲ್ಲ ಹಂತಗಳು ಹಾಗೆಯೇ: ಅದೇ ಫಿಕ್ಸ್, ಅದೇ ತೂತು, ಅದೇ ಸೆಕೆಂಡರಿ, ಅಷ್ಟೇ ಸಲ ತೊಳೆದದ್ದು.

“ಇದರಲ್ಲಿ ಹಸಿರು ಕಾಣಬಾರದು ಅಂಕಲ್. ಕಂಡರೆ ಬೇರೆ ಸ್ಲೈಡಲ್ಲಿರೋ ಹಸಿರನ್ನೂ ನಂಬೋ ಹಾಗಿಲ್ಲ.”

ಕತ್ತಲ ಕೋಣೆ

ಕಾನ್ಫೋಕಲ್ ಸೂಕ್ಷ್ಮದರ್ಶಕದ ಕೋಣೆಯಲ್ಲಿ ದೀಪ ಆರಿಸಿರುತ್ತಾರೆ. ಲೇಸರ್ ಚುಕ್ಕೆ ಕೋಶದ ಮೇಲೆ ಗೆರೆಗೆರೆಯಾಗಿ ಓಡುತ್ತದೆ. ಫೋಕಸ್ಸಿನಲ್ಲಿಲ್ಲದ ಪದರಗಳ ಬೆಳಕನ್ನು ಸೂಜಿರಂಧ್ರವೊಂದು ತಡೆಯುತ್ತದೆ. ಅವಳು ಮೊದಲು ಏರಿಸಿದ್ದು ಆ ಗುರುತಿನ ಸ್ಲೈಡನ್ನೇ. ಅದು ಕಪ್ಪಾಗಿ ಕಾಣುವ ಮಟ್ಟಕ್ಕೆ ಲೇಸರ್ ಮತ್ತು ಗೇನ್ (ಬಂದ ಬೆಳಕನ್ನು ಹಿಗ್ಗಿಸಿ ತೋರಿಸುವ ಮಟ್ಟ) ನಿಲ್ಲಿಸಿಕೊಂಡು, ಅದೇ ಮಟ್ಟದಲ್ಲಿ ಉಳಿದವನ್ನು ನೋಡಿದಳು. ಆಗ ಹಸಿರು ಎಳೆಗಳು ತೆರೆಯ ಮೇಲೆ ಮೂಡಿದವು. ಗೇನ್ ಏರಿಸುತ್ತ ಹೋದರೆ ಕಪ್ಪು ಗಾಜಿನಲ್ಲೂ ಹಸಿರು ಬರಿಸಬಹುದು ಎಂದು ಏರಿಸಿಯೂ ತೋರಿಸಿದಳು. ನಿಜವಾಗಿಯೂ ಬಂತು, ನೋಡಲು ಚೆನ್ನಾಗಿಯೂ ಇತ್ತು.

ಪ್ರತಿಕಾಯದ ರಗಳೆಯೇ ಬೇಡವೆಂದರೆ ಪ್ರೋಟೀನಿಗೇ ಹೊಳೆಯುವ ಬಾಲ ಕಟ್ಟಬಹುದು. ಜೆಲ್ಲಿಮೀನಿನ ಹಸಿರು ಪ್ರೋಟೀನನ್ನು ಶಿಮೊಮುರಾ 1962ರಲ್ಲಿ ವರದಿ ಮಾಡಿದರು. ಚಾಲ್ಫಿ 1994ರಲ್ಲಿ ಅದನ್ನು ಬೇರೆ ಜೀವಿಗಳಲ್ಲಿ ಹೊಳೆಸಿ ತೋರಿಸಿದರು. ತ್ಸಿಯನ್ ಹಲವು ಬಣ್ಣ ಮಾಡಿದರು. ಮೂವರಿಗೂ 2008ರ ರಸಾಯನಶಾಸ್ತ್ರ ನೊಬೆಲ್. ಇದರಿಂದ ಜೀವಂತ ಕೋಶವನ್ನೇ ನೋಡಬಹುದು. ಆದರೆ ಹೊರಗಿನಿಂದ ಹಾಕಿದ ಜೀನ್ ಮಿತಿಮೀರಿ ಪ್ರೋಟೀನ್ ತಯಾರಿಸಿದರೆ ಅದು ತನ್ನ ಜಾಗ ಬಿಟ್ಟು ಎಲ್ಲೆಲ್ಲೋ ತುಂಬಿಕೊಳ್ಳುತ್ತದೆ. ಬಾಲವೇ ಕೆಲವೊಮ್ಮೆ ಪ್ರೋಟೀನಿನ ದಾರಿ ತಪ್ಪಿಸುತ್ತದೆ.

ಇದೇ ಆವರಣದ ಒಂದು ಕಥೆ

ತಯಾರಿಕೆಯೇ ಚಿತ್ರವನ್ನು ಹುಟ್ಟಿಸಿಬಿಡಬಹುದು ಎಂಬುದಕ್ಕೆ ಎನ್‌ಸಿಬಿಎಸ್‌ನ ಸತ್ಯಜಿತ್ ಮೇಯರ್ ಅವರ ಕೆಲಸಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ. ಕೋಶಪೊರೆಯ ಹೊರಮೈಗೆ ಕೊಬ್ಬಿನ ಲಂಗರಿನಿಂದ ಕಟ್ಟಿಕೊಂಡ ಒಂದು ಜಾತಿಯ ಪ್ರೋಟೀನುಗಳಿವೆ, ಜಿಪಿಐ ಪ್ರೋಟೀನುಗಳು. ಪ್ರತಿಕಾಯ ಹಾಕಿ ನೋಡಿದವರಿಗೆ ಇವು ಪೊರೆಯ ಕೇವಿಯೋಲೆ ಎಂಬ ಸಣ್ಣ ಗುಳಿಗಳಲ್ಲಿ ಗುಂಪಾಗಿ ಕಂಡಿದ್ದವು. ಅಮೆರಿಕದಲ್ಲಿ ಫ್ರೆಡರಿಕ್ ಮ್ಯಾಕ್ಸ್‌ಫೀಲ್ಡ್ ಜೊತೆಗಿದ್ದಾಗ ಮೇಯರ್ 1994ರಲ್ಲಿ ತೋರಿಸಿದ್ದು ಇದು: ಗುಂಪು ಕಟ್ಟಿದ್ದು ಕೋಶವಲ್ಲ, ಪ್ರತಿಕಾಯ. ಎರಡು ಕೈಗಳಿರುವ ಪ್ರತಿಕಾಯ ಒಂದೊಂದು ಕೈಗೆ ಒಂದೊಂದು ಪ್ರೋಟೀನ್ ಹಿಡಿಯುತ್ತದೆ. ಸೆಕೆಂಡರಿ ಬಂದು ಅಂಥ ಹಲವನ್ನು ಒಟ್ಟಿಗೆ ಎಳೆಯುತ್ತದೆ. ಆಗ ಅವೆಲ್ಲ ಗುಳಿಗೆ ಬೀಳುತ್ತವೆ. ಫಿಕ್ಸ್ ಮಾಡಿದ್ದರೂ ತಪ್ಪುವುದಿಲ್ಲ, ಏಕೆಂದರೆ ಕೊಬ್ಬಿನ ಲಂಗರಿನ ಪ್ರೋಟೀನುಗಳನ್ನು ಫಾರ್ಮಾಲ್ಡಿಹೈಡ್ ಬಿಗಿಯಾಗಿ ಹಿಡಿದಿಡಲಾರದು.

ಬೆಂಗಳೂರಿಗೆ ಬಂದ ಮೇಲೆ ಅವರು ಮತ್ತು ರಜತ್ ವರ್ಮಾ ಪ್ರತಿಕಾಯವನ್ನೇ ಬಿಟ್ಟರು. ಫೋಲಿಕ್ ಆಮ್ಲವನ್ನು ಹಿಡಿಯುವ ಒಂದು ಜಿಪಿಐ ಪ್ರೋಟೀನನ್ನು ಆರಿಸಿಕೊಂಡು, ಫೋಲಿಕ್ ಆಮ್ಲಕ್ಕೇ ಬಣ್ಣಕ ಕಟ್ಟಿದರು. ಒಂದು ಪ್ರೋಟೀನಿಗೆ ಒಂದೇ ಬಣ್ಣಕ, ಜೋಡಿಸಿ ಎಳೆಯುವ ಕೈಯೇ ಇಲ್ಲ. ಆದರೆ ಬೆಳಕಿನ ಸೂಕ್ಷ್ಮದರ್ಶಕ ಸುಮಾರು 200 ನ್ಯಾನೋಮೀಟರಿಗಿಂತ ಹತ್ತಿರದ ಎರಡು ಚುಕ್ಕೆಗಳನ್ನು ಬೇರ್ಪಡಿಸಲಾರದು. ಅದಕ್ಕೆ ಅವರು ಧ್ರುವೀಕರಿಸಿದ ಬೆಳಕು ಬಳಸಿದರು. ಎರಡು ಬಣ್ಣಕಗಳು ಕೆಲವೇ ನ್ಯಾನೋಮೀಟರ್ ಹತ್ತಿರವಿದ್ದರೆ ಒಂದು ಹೀರಿದ ಶಕ್ತಿ ಪಕ್ಕದ್ದಕ್ಕೆ ದಾಟುತ್ತದೆ, ಹೊರಬರುವ ಬೆಳಕಿನ ಧ್ರುವೀಕರಣ ಕುಗ್ಗುತ್ತದೆ. ಹಾಗೆ ಅಳೆದು, 70 ನ್ಯಾನೋಮೀಟರಿಗಿಂತ ಚಿಕ್ಕ ಗುಂಪುಗಳಲ್ಲಿ ಈ ಪ್ರೋಟೀನುಗಳು ಇರುತ್ತವೆ, ಕೊಲೆಸ್ಟೆರಾಲ್ ತೆಗೆದರೆ ಆ ಗುಂಪು ಚದುರುತ್ತದೆ ಎಂದು 1998ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ವರದಿ ಮಾಡಿದರು. ಅಂತೂ ಗುಂಪು ಇತ್ತು. ಹಿಂದಿನವರು ಕಂಡ ಗುಂಪು ಮಾತ್ರ ಅದಲ್ಲ. ಮೇಯರ್ ಅವರಿಗೆ 2012ರ ಇನ್ಫೋಸಿಸ್ ಪ್ರಶಸ್ತಿ ಬಂತು.

ಹೊಳಪು ಎಲ್ಲಿಂದ ಬಂತು ಎಂಬ ಪ್ರಶ್ನೆ ಈ ದೇಶಕ್ಕೆ ಹಳೆಯದು. 1923ರಲ್ಲಿ ಕಲ್ಕತ್ತೆಯಲ್ಲಿ ಸಿ.ವಿ. ರಾಮನ್ ಅವರ ಶಿಷ್ಯ ಕೆ.ಆರ್. ರಾಮನಾಥನ್ ಶುದ್ಧ ದ್ರವಗಳಲ್ಲಿ ಒಂದು ಕ್ಷೀಣ ಹೊಳಪನ್ನು ಕಂಡಿದ್ದರು. ಕಶ್ಮಲದ ಪ್ರತಿದೀಪ್ತಿಯಿರಬೇಕೆಂದು ದ್ರವವನ್ನು ಮತ್ತೆ ಮತ್ತೆ ಭಟ್ಟಿ ಇಳಿಸಿದರೂ ಅದು ಹೋಗಲಿಲ್ಲ. ಧ್ರುವೀಕರಣ ಪರೀಕ್ಷಿಸಿದಾಗ ಅದು ಸಾಮಾನ್ಯ ಪ್ರತಿದೀಪ್ತಿಯಂತಿರಲಿಲ್ಲ. ಆ ಹೊಸ ವಿಕಿರಣದ ಬಗ್ಗೆ ರಾಮನ್ ಪ್ರಸಿದ್ಧ ಉಪನ್ಯಾಸ ಕೊಟ್ಟದ್ದು 1928ರ ಮಾರ್ಚ್ 16ರಂದು, ನಮ್ಮ ಬೆಂಗಳೂರಿನಲ್ಲೇ. ರಾಮನ್ ಅವರ ವಿಷಯದಲ್ಲಿ ತೊಳೆದರೂ ಹೋಗದ ಹೊಳಪು ನಿಜವೆಂದು ತಿಳಿಯಿತು. ಜಿಪಿಐ ಪ್ರೋಟೀನಿನ ವಿಷಯದಲ್ಲಿ ಹೊಳಪು ನಿಜವಾಗಿದ್ದರೂ ಅದರ ಜಾಗ ಸುಳ್ಳಾಗಿತ್ತು.

ನೋಡಬಯಸುವವರಿಗೆ

ಇಂಥ ಪ್ರಯೋಗಾಲಯಗಳಿಗೆ ಪರಿಚಯವಿಲ್ಲದೆ ಪ್ರವೇಶ ಕಷ್ಟ. ಹೆಗ್ಗನಹಳ್ಳಿ, ಸುಂಕದಕಟ್ಟೆ, ಲಗ್ಗೆರೆ ಕಡೆಯವರಿಗೆ ಸುಲಭದ ದಾರಿ ಭಾರತೀಯ ವಿಜ್ಞಾನ ಸಂಸ್ಥೆಯ ವಾರ್ಷಿಕ ಮುಕ್ತ ದಿನ. ಸಾಮಾನ್ಯವಾಗಿ ಫೆಬ್ರವರಿ–ಮಾರ್ಚ್ ಸುಮಾರಿಗೆ ಬರುವ ಆ ದಿನ ಸಾರ್ವಜನಿಕರಿಗೆ ಬಾಗಿಲು ತೆರೆದಿರುತ್ತದೆ. ಪೀಣ್ಯದಲ್ಲಿ ಹಸಿರು ಮಾರ್ಗದ ಮೆಟ್ರೊ ಹಿಡಿದು ಯಶವಂತಪುರದಲ್ಲಿ ಇಳಿದರೆ ಸಂಸ್ಥೆ ದೂರವಿಲ್ಲ. ಹೈಸ್ಕೂಲು ಮಕ್ಕಳನ್ನು ಕರೆದೊಯ್ಯಿರಿ, ಬೆಳಗ್ಗೆಯೇ ಹೊರಡಿ, ಜನ ಬಹಳ.

ಜೀವವಿಜ್ಞಾನ ವಿಭಾಗದ ಮೇಜಿನಲ್ಲಿ ಹಸಿರು–ನೀಲಿ ಚಿತ್ರ ತೋರಿಸಿದರೆ, ಚೆನ್ನಾಗಿದೆ ಎಂದು ಹೇಳಿ ಮುಂದೆ ಹೋಗಬೇಡಿ. ಪ್ರೈಮರಿ ಹಾಕದ ಸ್ಲೈಡಿನ ಚಿತ್ರ ಎಲ್ಲಿ ಎಂದು ಕೇಳಿ. ಅದನ್ನು ಜೊತೆಗಿಟ್ಟುಕೊಂಡ ವಿದ್ಯಾರ್ಥಿ ಸಿಕ್ಕರೆ ಅವರ ಬಳಿ ಸ್ವಲ್ಪ ಹೊತ್ತು ನಿಲ್ಲಿ. ಉಳಿದ ಪ್ರಶ್ನೆಗಳಿಗೂ ಅವರಿಂದ ಒಳ್ಳೆಯ ಉತ್ತರ ಸಿಗುತ್ತದೆ.